ಅಂಚಿನಿಂದ ಒಂದು ಮೀಟರು

ರಾಯಚೂರಿನಿಂದ ಹೈದರಾಬಾದ್ ದಾರಿ ಹಿಡಿದು ಯರಮರಸ್, ಚಿಕ್ಕಸುಗೂರು ದಾಟಿ ಸುಮಾರು 20 ಕಿ.ಮೀ. ಹೋದರೆ ಶಕ್ತಿನಗರ. ಪಕ್ಕದಲ್ಲೇ ದೇವಸುಗೂರು, ಅದರಾಚೆ ಕೃಷ್ಣೆ, ಕೃಷ್ಣೆಯ ಮೇಲೆ ನಿಜಾಮರ ಕಾಲದ ಕಮಾನು ಸೇತುವೆ. ಎಂಟು ಘಟಕಗಳ, 1720 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಕೇಂದ್ರಕ್ಕಾಗಿ ಹುಟ್ಟಿಕೊಂಡ ಊರು ಇದು. ಮೊದಲ ಘಟಕ ಶುರುವಾದದ್ದು 1985ರಲ್ಲಿ. ಊರಿನ ಮಗ್ಗುಲಲ್ಲೇ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 167ರ ಮೇಲೆ ಬಸ್ಸು, ಟಂಟಂ, ಹತ್ತಿ ಹೇರಿದ ಟ್ರಾಕ್ಟರು, ಹಾರುಬೂದಿ ತುಂಬಿದ ಟ್ಯಾಂಕರು, ಬೈಕು ಎಲ್ಲವೂ ಓಡುತ್ತವೆ. ಅವುಗಳ ನಡುವೆ ಸೈಕಲ್ಲೂ.

ಈ ರಸ್ತೆಗೆ ಸೈಕಲ್ ಇಳಿಸುವ ಹುಡುಗ ಹುಡುಗಿಯರಿಗೆ ಮನೆಯವರು, ಮಾಸ್ತರರು, ಪೊಲೀಸರು ಎಲ್ಲರೂ ಹೇಳುವುದು ಒಂದೇ ಮಾತು: "ದಂಡಿ ಹಿಡಿದು ಹೋಗು, ನಡುವ ಬರಬ್ಯಾಡ." ಒಳ್ಳೆಯ ಮನಸ್ಸಿನಿಂದ ಬಂದ ಮಾತು, ಅನುಮಾನವಿಲ್ಲ. ಆದರೆ ಸೈಕಲ್ಲು ಹೇಗೆ ತಿರುಗುತ್ತದೆ, ರಸ್ತೆಯ ಧೂಳು ಎಲ್ಲಿ ಸೇರುತ್ತದೆ, ಲಾರಿ ಚಾಲಕನ ಕಣ್ಣಿಗೆ ಏನು ಕಾಣುತ್ತದೆ ಎಂದು ಲೆಕ್ಕ ಹಾಕಿದರೆ ಈ ಮಾತನ್ನು ಕೊಂಚ ತಿದ್ದಬೇಕಾಗುತ್ತದೆ. ಎಡಕ್ಕೇ ಹೋಗಬೇಕು, ಸರಿ. ತೀರಾ ದಂಡಿಗೆ ಹೋಗಬಾರದು.

ಮೊದಲು ಸೈಕಲ್ಲಿನ ಸ್ವಭಾವ ನೋಡೋಣ. ಕೋಲೊಂದನ್ನು ಅಂಗೈ ಮೇಲೆ ನೆಟ್ಟಗೆ ನಿಲ್ಲಿಸುವ ಆಟವನ್ನು ಆಡದವರಿಲ್ಲ. ಕೋಲು ಎಡಕ್ಕೆ ವಾಲಿದರೆ ಅಂಗೈಯೂ ಎಡಕ್ಕೆ ಓಡಿ ಅದರ ಬುಡಕ್ಕೆ ಬರಬೇಕು. ಸೈಕಲ್ ಸವಾರ ಮಾಡುವುದೂ ಇದನ್ನೇ. ಎಡಕ್ಕೆ ವಾಲಿದಾಗ ಹ್ಯಾಂಡಲ್ಲನ್ನು ಎಡಕ್ಕೆ ತಿರುಗಿಸಿ ಚಕ್ರಗಳನ್ನು ತನ್ನ ಮೈಭಾರದ ಕೆಳಕ್ಕೆ ತಂದುಕೊಳ್ಳುತ್ತಾನೆ. ಅಂಗೈ ಮೇಲಿನ ಕೋಲನ್ನು ಬೇಕೆಂದೇ ಬಲಕ್ಕೆ ಒಯ್ಯಬೇಕಾದರೆ ಏನು ಮಾಡುತ್ತೀರಿ? ಅಂಗೈಯನ್ನು ನೇರವಾಗಿ ಬಲಕ್ಕೆ ಎಳೆದರೆ ಕೋಲು ಎಡಕ್ಕೆ ಬೀಳುತ್ತದೆ. ಆದ್ದರಿಂದ ಮೊದಲು ಅಂಗೈಯನ್ನು ತುಸು ಎಡಕ್ಕೆ ಸರಿಸಬೇಕು. ಆಗ ಕೋಲು ಬಲಕ್ಕೆ ವಾಲುತ್ತದೆ, ಅದರ ಬೆನ್ನಿಗೆ ಕೈ ಬಲಕ್ಕೆ ಓಡಬಹುದು.

ಸೈಕಲ್ಲಿಗೂ ಇದೇ ನಿಯಮ. ಬಲಕ್ಕೆ ತಿರುಗಬೇಕಾದರೆ ಮುಂದಿನ ಚಕ್ರ ಒಂದು ಗಳಿಗೆ ಎಡಕ್ಕೆ ಹೋಗಲೇಬೇಕು. ಹೋಗುವುದು ಕೆಲವೇ ಸೆಂಟಿಮೀಟರು, ಗಾಬರಿಯಲ್ಲಿ ತಿರುಗಿಸಿದರೆ ಇನ್ನೂ ಹೆಚ್ಚು. ನಮ್ಮ ಗಮನಕ್ಕೆ ಬಾರದಷ್ಟು ಸಹಜವಾಗಿ ಕೈಗಳು ಇದನ್ನು ಮಾಡಿಬಿಡುತ್ತವೆ. ವಿಮಾನ ಹಾರಿಸುವುದಕ್ಕೆ ಮುಂಚೆ ಅಮೆರಿಕದ ಡೇಟನ್ ಊರಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದ ವಿಲ್ಬರ್ ರೈಟ್ ಇದನ್ನು ಗಮನಿಸಿದ್ದ. ಎಡಕ್ಕೆ ಹೇಗೆ ತಿರುಗುತ್ತೀರಿ ಎಂದು ಹತ್ತಾರು ಸವಾರರನ್ನು ಕೇಳಿದ್ದ. ಒಬ್ಬರೂ ಮೊದಲ ಸಲಕ್ಕೆ ಸರಿಯಾದ ಉತ್ತರ ಕೊಡಲಿಲ್ಲ. ಇವತ್ತು ರಾಯಚೂರಿನ ಸ್ಟೇಷನ್ ಸರ್ಕಲ್ಲಿನಲ್ಲಿ ನಿಂತು ಕೇಳಿದರೂ ಅಷ್ಟೇ ಆದೀತು.

ಈಗ ದಂಡಿಗೆ ಬನ್ನಿ. ನಮ್ಮ ಹೆದ್ದಾರಿಗಳಲ್ಲಿ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಎತ್ತರವಾಗುತ್ತದೆ, ಪಕ್ಕದ ಮಣ್ಣು ಮಳೆಗೆ ಕೊಚ್ಚಿಹೋಗಿ ತಗ್ಗಾಗುತ್ತದೆ. ಎರಡರ ನಡುವೆ ಗೇಣುದ್ದದ ಮೆಟ್ಟಿಲು ಉಳಿಯುತ್ತದೆ. ಆ ಮೆಟ್ಟಿಲಿನಿಂದ ನಾಲ್ಕು ಬೆರಳು ಈಚೆ ಸೈಕಲ್ ಓಡಿಸುತ್ತಿರುವವನ ಮುಂದೆ ಒಂದು ಗುಂಡಿ ಬಂತೆನ್ನಿ. ತಪ್ಪಿಸಿಕೊಳ್ಳಲು ಬಲಕ್ಕೆ ಸರಿಯಬೇಕು. ಬಲಕ್ಕೆ ಸರಿಯಲು ಚಕ್ರ ಮೊದಲು ಎಡಕ್ಕೆ ಹೋಗಬೇಕು. ಎಡಕ್ಕೆ ರಸ್ತೆಯೇ ಇಲ್ಲ. ಚಕ್ರ ಮಣ್ಣಿಗೆ ಇಳಿಯುತ್ತದೆ. ಇಳಿದ ಚಕ್ರವನ್ನು ಓರೆಯಾಗಿ ಮೇಲೆ ಹತ್ತಿಸಲು ಹೋದರೆ ಟೈರು ಡಾಂಬರಿನ ಅಂಚಿಗೆ ಉಜ್ಜುತ್ತ ಹತ್ತದೆ ಉಳಿಯುತ್ತದೆ. ಹ್ಯಾಂಡಲ್ ಬಲಕ್ಕೆ ತಿರುಗಿರುತ್ತದೆ, ಸೈಕಲ್ ತಿರುಗಿರುವುದಿಲ್ಲ. ಕೋಲಿನ ಬುಡಕ್ಕೆ ಅಂಗೈ ಹೋಗದಂತೆ ಯಾರೋ ಹಿಡಿದಂತಾಗಿ ಸವಾರ ಬಲಕ್ಕೇ ಬೀಳುತ್ತಾನೆ, ಎಂದರೆ ರಸ್ತೆಯ ಮೇಲಕ್ಕೆ. ಹಿಂದಿನ ಲಾರಿಯವನಿಗೆ ಇದು "ಸೈಕಲ್ಲಿನವ ಇದ್ದಕ್ಕಿದ್ದಂತೆ ಅಡ್ಡ ಬಂದ" ಎಂದು ಕಾಣುತ್ತದೆ. ಅವನು ಸುಳ್ಳು ಹೇಳುತ್ತಿಲ್ಲ, ಕಂಡದ್ದನ್ನೇ ಹೇಳುತ್ತಿದ್ದಾನೆ.

ವೇಗದ ಲಾರಿ ತೀರಾ ಪಕ್ಕದಲ್ಲಿ ದಾಟುವಾಗ ಇನ್ನೊಂದು ತೊಂದರೆ. ಅದರ ಮೂತಿ ಸರಿಸಿದ ಗಾಳಿ ಮೊದಲು ಸವಾರನನ್ನು ಆಚೆಗೆ ತಳ್ಳುತ್ತದೆ. ಲಾರಿಯ ಮೈ ಹಾದುಹೋಗುತ್ತಿದ್ದಂತೆ ಒತ್ತಡ ಇಳಿದು ಅವನನ್ನು ಅದರ ಕಡೆಗೇ ಎಳೆಯುತ್ತದೆ. ಒಂದು ಕ್ಷಣದಲ್ಲಿ ಎರಡು ವಿರುದ್ಧ ದಿಕ್ಕಿನ ಹೊಡೆತ. ತೂಗಾಡಿ ಸುಧಾರಿಸಿಕೊಳ್ಳಲು ಎಡಕ್ಕೆ ಒಂದಿಷ್ಟು ಜಾಗ ಬೇಕು. ಅಂಚಿನಿಂದ ಒಂದು ಮೀಟರು ಬಿಟ್ಟು ಹೋಗು ಎನ್ನುವುದು ಆ ಜಾಗಕ್ಕಾಗಿ. ಕೃಷ್ಣೆಯ ಹಳೆಯ ಸೇತುವೆಯಂಥ ಇಕ್ಕಟ್ಟಿನಲ್ಲಿ ಅಂಚಿಗೆ ಮಣ್ಣಿನ ಬದಲು ಗೋಡೆ ಇರುತ್ತದೆ. ಅಲ್ಲಿ ದಾಟುವಷ್ಟು ಜಾಗವಿದೆ ಎಂದು ಹಿಂದಿನವನಿಗೆ ಭ್ರಮೆ ಹುಟ್ಟಿಸದಂತೆ ಲೇನಿನ ನಡುವೆ ಹೋಗುವುದೇ ವಾಸಿ. ಹಾರ್ನ್ ಹೊಡೆಯುತ್ತಾನೆ, ಹೊಡೆಯಲಿ. ಹಾರ್ನ್ ಹೊಡೆದವನು ನಿಮ್ಮನ್ನು ನೋಡಿದ್ದಾನೆ ಎಂದೇ ಅರ್ಥ.

ತಿರುಗುವ ಚಕ್ರಗಳೇ ಬುಗುರಿಯಾಗಿ ಸೈಕಲ್ಲನ್ನು ಹಿಡಿದು ನಿಲ್ಲಿಸುತ್ತವೆ ಎಂದು ಬಹಳ ಕಾಲ ಪಾಠ ಹೇಳುತ್ತಿದ್ದರು. 1970ರಲ್ಲಿ ಬ್ರಿಟನ್ನಿನ ಡೇವಿಡ್ ಜೋನ್ಸ್ ಮುಂದಿನ ಚಕ್ರದ ಪಕ್ಕಕ್ಕೆ ಹಿಮ್ಮುಖವಾಗಿ ತಿರುಗುವ ಇನ್ನೊಂದು ಚಕ್ರ ಕಟ್ಟಿ ಆ ಬುಗುರಿ ಬಲವನ್ನು ರದ್ದು ಮಾಡಿ ನೋಡಿದ. ಸೈಕಲ್ಲು ಆರಾಮಾಗಿ ಓಡಿತು. 2007ರಲ್ಲಿ ವಿಜ್ಞಾನಿಗಳು ಒಂದು ಮಾದರಿ ಸೈಕಲ್ಲಿನ ಚಲನೆಯನ್ನು ಪೂರ್ತಿ ಸಮೀಕರಣಗಳಲ್ಲಿ ಬಿಡಿಸಿಟ್ಟರು. ಆ ಸೈಕಲ್ಲು ಕೈ ಬಿಟ್ಟರೂ ತನ್ನಷ್ಟಕ್ಕೆ ನೆಟ್ಟಗಿರುವುದು ಸೆಕೆಂಡಿಗೆ 4.3ರಿಂದ 6 ಮೀಟರು ವೇಗದ ನಡುವೆ ಮಾತ್ರ, ಎಂದರೆ ಗಂಟೆಗೆ ಹೆಚ್ಚುಕಡಿಮೆ 15ರಿಂದ 22 ಕಿ.ಮೀ. ಅದಕ್ಕಿಂತ ನಿಧಾನವಾದರೆ ಸಮತೋಲದ ಹೊಣೆಯೆಲ್ಲ ಸವಾರನ ಕೈಗೆ. ಸರ್ಕಲ್ಲುಗಳಲ್ಲಿ ನಾವು ಹೋಗುವುದು ಗಂಟೆಗೆ ಆರೋ ಎಂಟೋ ಕಿ.ಮೀ. ವೇಗದಲ್ಲಿ. ಸಿಗ್ನಲ್ ಬಿಟ್ಟ ಕೂಡಲೇ ಕಾಲೂರಿ ಹೊರಡುವ ಮೊದಲ ಎರಡು ಮೂರು ಪೆಡಲಿನಲ್ಲಿ ಸೈಕಲ್ಲು ಅತ್ತಿತ್ತ ಅತಿ ಹೆಚ್ಚು ತೂಗಾಡುತ್ತದೆ. ಪಕ್ಕದ ಬಸ್ಸು ಹೊರಡುವುದೂ ಅದೇ ಕ್ಷಣದಲ್ಲಿ.

ಶಕ್ತಿನಗರಕ್ಕೇ ವಿಶೇಷವಾದದ್ದು ಬೂದಿ. ಕಲ್ಲಿದ್ದಲನ್ನು ನುಣ್ಣಗೆ ಪುಡಿ ಮಾಡಿ ಕುಲುಮೆಗೆ ಊದುತ್ತಾರೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರರಲ್ಲೊಂದು ಪಾಲಿಗೂ ಮಿಕ್ಕಿ ಸುಡದ ಖನಿಜವಿರುತ್ತದೆ. ಆ ಉರಿಯಲ್ಲಿ ಖನಿಜದ ಕಣಗಳು ಕರಗಿ ಹನಿಯಾಗುತ್ತವೆ. ಹನಿ ಮೇಲ್ಮೈ ಸೆಳೆತಕ್ಕೆ ಗುಂಡಗಾಗುತ್ತದೆ. ಹೊಗೆಯ ಜೊತೆ ಮೇಲೇರುತ್ತ ತಣಿದು ಹಾಗೇ ಗಟ್ಟಿಯಾಗುತ್ತದೆ. ಚಿಮಣಿಗೆ ಹೋಗುವ ಮೊದಲೇ ವಿದ್ಯುತ್ ಕ್ಷೇತ್ರದಿಂದ ಇವನ್ನು ಸೆಳೆದು ಹಿಡಿಯುತ್ತಾರೆ. ಇದೇ ಹಾರುಬೂದಿ. ಬೆರಳಿಗೆ ಹಚ್ಚಿಕೊಂಡರೆ ಬರೀ ಬೂದು ಬಣ್ಣದ ಪುಡಿ; ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಅಚ್ಚುಕಟ್ಟಾದ ಗಾಜಿನ ಗುಂಡುಗಳು, ಕೆಲವು ಒಳಗೆ ಟೊಳ್ಳು. ಬಹುಪಾಲು ಗುಂಡುಗಳು ತಲೆಗೂದಲಿನ ದಪ್ಪಕ್ಕಿಂತ ಚಿಕ್ಕವು. ಹಾರುಬೂದಿ ಬೆರೆಸಿದ ಕಾಂಕ್ರೀಟು ಸಲೀಸಾಗಿ ಹರಡಿಕೊಳ್ಳುವುದಕ್ಕೆ ಈ ಗುಂಡಗಿನ ಆಕಾರವೂ ಒಂದು ಕಾರಣ.

ಕಾಂಕ್ರೀಟಿಗೆ ಒಳ್ಳೆಯದಾದ ಗುಣ ಸೈಕಲ್ ಟೈರಿಗೆ ಕೆಟ್ಟದ್ದು. ಲೆಕ್ಕ ಸರಳ. ಗಂಟೆಗೆ 15 ಕಿ.ಮೀ. ವೇಗದಲ್ಲಿ 5 ಮೀಟರು ತ್ರಿಜ್ಯದ ತಿರುವು ತೆಗೆದುಕೊಂಡರೆ ಸೈಕಲ್ಲು ಸುಮಾರು 20 ಡಿಗ್ರಿ ವಾಲುತ್ತದೆ. ಟೈರು ಜಾರದಿರಲು ಘರ್ಷಣೆಯ ಗುಣಾಂಕ 0.35 ಆದರೂ ಇರಬೇಕು. ಒಣ ಡಾಂಬರು 0.7ರ ಆಸುಪಾಸು ಕೊಡುತ್ತದೆ, ಬೇಕಾದಷ್ಟಾಯಿತು. ಅದರ ಮೇಲೆ ಪುಡಿ ಹರಡಿದರೆ ಹಿಡಿತ ಅರ್ಧಕ್ಕಿಂತ ಕೆಳಗೆ ಇಳಿಯಬಹುದು, ಆಗ ಮುಂದಿನ ಚಕ್ರ ಜಾರಿ ಸವಾರ ನೆಲ ಕಚ್ಚುತ್ತಾನೆ. ವೇಗವನ್ನು 10 ಕಿ.ಮೀ.ಗೆ ಇಳಿಸಿದರೆ ಬೇಕಾಗುವ ಗುಣಾಂಕ 0.16 ಮಾತ್ರ. ವೇಗ ಇಳಿದದ್ದು ಮೂರನೇ ಒಂದು ಪಾಲು. ಬೇಡಿಕೆ ಅರ್ಧಕ್ಕೂ ಕಡಿಮೆಯಾಯಿತು, ಏಕೆಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ವೇಗದ ವರ್ಗ. ಬ್ರೇಕನ್ನು ತಿರುವಿನ ಮುಂಚೆ ಹಿಡಿಯಬೇಕು, ತಿರುವಿನೊಳಗೆ ಅಲ್ಲ. ಮೃಗಶಿರ ಮಳೆಯ ಮೊದಲ ಹನಿಗಳಲ್ಲಂತೂ ಈ ಪುಡಿ ನೀರು ಕುಡಿದು ತೆಳ್ಳನೆಯ ಕೆಸರಾಗಿರುತ್ತದೆ. ಅರ್ಧ ಗಂಟೆ ಜೋರು ಮಳೆ ಹೊಡೆದು ತೊಳೆದ ಮೇಲಿನ ರಸ್ತೆಗಿಂತ ಮೊದಲ ಹತ್ತು ನಿಮಿಷದ ರಸ್ತೆ ಹೆಚ್ಚು ಅಪಾಯ.

ಬೂದಿ, ಮರಳು, ಗಾಜಿನ ಚೂರು ಇವೆಲ್ಲ ಸೇರುವುದಾದರೂ ಎಲ್ಲಿ? ಸಾವಿರಾರು ಟೈರುಗಳು ತಮ್ಮ ಜಾಡನ್ನು ತಾವೇ ಗುಡಿಸಿಕೊಂಡು ಹೋಗುತ್ತವೆ. ಗುಡಿಸಿದ್ದೆಲ್ಲ ಬಂದು ಬೀಳುವುದು ಅಂಚಿನ ಒಂದೂವರೆ ಅಡಿ ಪಟ್ಟಿಯಲ್ಲಿ, ನಾವು ಮಕ್ಕಳಿಗೆ ಹೋಗು ಎಂದು ತೋರಿಸುವ ಅದೇ ಪಟ್ಟಿಯಲ್ಲಿ.

ಕೂಡುರಸ್ತೆಗೆ ಬಂದರೆ ಸಮಸ್ಯೆ ಭೌತಶಾಸ್ತ್ರದಿಂದ ಕಣ್ಣಿಗೆ ದಾಟುತ್ತದೆ. ನಾಲ್ಕು ದಾರಿ ಕೂಡುವ ಕಡೆ ವಾಹನಗಳ ಹಾದಿಗಳು ಒಂದನ್ನೊಂದು ಮುಟ್ಟುವ ಜಾಗಗಳು 32 ಎಂದು ಸಂಚಾರ ಎಂಜಿನಿಯರುಗಳು ಎಣಿಸುತ್ತಾರೆ. ಮೂರು ದಾರಿಯ ಕೂಡಿನಲ್ಲಿ 9. ಚಾಲಕ ಇಷ್ಟನ್ನೂ ಒಂದೆರಡು ಸೆಕೆಂಡಿನಲ್ಲಿ ನೋಡಿ ಮುಗಿಸಬೇಕು. ನಮ್ಮ ಕಣ್ಣು ಸ್ಪಷ್ಟವಾಗಿ ಕಾಣುವುದು ನೋಟದ ನಡುವಿನ ಸುಮಾರು ಎರಡು ಡಿಗ್ರಿಯನ್ನು ಮಾತ್ರ. ಉಳಿದದ್ದು ಮಸುಕು, ಅಲ್ಲಿ ಏನಾದರೂ ಅಲುಗಾಡಿದರೆ ಮಾತ್ರ ಕಣ್ಣು ಅತ್ತ ಹೊರಳುತ್ತದೆ. ಎದುರಿನಿಂದ ನೋಡಿದರೆ ಸೈಕಲ್ ಸವಾರನ ಅಗಲ ಎರಡು ಅಡಿ. 50 ಮೀಟರು ದೂರದಲ್ಲಿ ಅವನು ತುಂಬುವುದು 0.7 ಡಿಗ್ರಿ, ಹುಣ್ಣಿಮೆ ಚಂದ್ರನಿಗಿಂತ ತುಸು ಹೆಚ್ಚು. ಲಾರಿಯ ಮುಂಗಾಜಿನ ಪಕ್ಕದ ಕಂಬ ಮರೆಮಾಡುವುದು ಇದರ ಹಲವು ಪಟ್ಟು.

ಇನ್ನೊಂದು ಸೂಕ್ಷ್ಮವಿದೆ. ದೇವದುರ್ಗ, ಮಾನ್ವಿ ಕಡೆಯ ಎರೆಭೂಮಿಯ ಬಯಲಿನಲ್ಲಿ ಎರಡು ರಸ್ತೆ ಅಡ್ಡ ಹಾಯುವ ಕಡೆ ನಿಂತರೆ ಮೈಲುದೂರದ ವಾಹನವೂ ಕಾಣುತ್ತದೆ. ಮರೆ ಇಲ್ಲ, ತಿರುವಿಲ್ಲ. ಇಂಥ ಕಡೆಯೂ ಡಿಕ್ಕಿಯಾಗುತ್ತದಲ್ಲ, ಹೇಗೆ? ಎರಡು ವಾಹನಗಳು ತಮ್ಮ ತಮ್ಮ ವೇಗ ಬದಲಿಸದೆ ಒಂದೇ ಹೊತ್ತಿಗೆ ಕೂಡುಜಾಗ ಸೇರುವುದಾದರೆ, ಒಂದರಿಂದ ನೋಡಿದಾಗ ಇನ್ನೊಂದು ಕಾಣುವ ಕೋನ ಕೊನೆಯವರೆಗೂ ಬದಲಾಗುವುದಿಲ್ಲ. ಡಿಕ್ಕಿ ಹೊಡೆಯಲಿರುವ ವಸ್ತು ನೋಟದಲ್ಲಿ ಅಲುಗಾಡುವುದೇ ಇಲ್ಲ, ನಿಂತಲ್ಲೇ ನಿಧಾನ ದೊಡ್ಡದಾಗುತ್ತದೆ. ಅಲುಗಾಟಕ್ಕೆ ಎಚ್ಚರಗೊಳ್ಳುವ ಕಣ್ಣಂಚಿಗೆ ಅದು ಸುದ್ದಿಯೇ ಅಲ್ಲ. ಆ ಕೋನದಲ್ಲಿ ಕಂಬ ಇದ್ದರಂತೂ ಸವಾರ ಮೊದಲಿನಿಂದ ಕೊನೆಯವರೆಗೂ ಕಂಬದ ಹಿಂದೆಯೇ ಇರುತ್ತಾನೆ. ಇಂಗ್ಲೆಂಡಿನ ಹ್ಯಾಂಪ್‌ಶೈರಿನಲ್ಲಿ ಇಪ್ಲಿ ಕ್ರಾಸ್ ಎಂಬ ಬಟ್ಟಬಯಲಿನ ಕೂಡುರಸ್ತೆ ಸೈಕಲ್ ಸವಾರರ ಸಾವಿನಿಂದಲೇ ಹೆಸರಾಗಿದೆ. ಇದೇ ಕಾರಣವನ್ನು ಅಲ್ಲಿ ಚರ್ಚಿಸುತ್ತಾರೆ. ಪರಿಹಾರ ಸವಾರನ ಕಾಲಲ್ಲಿದೆ: ಕೂಡುರಸ್ತೆ ಹತ್ತಿರವಾದಾಗ ಪೆಡಲ್ ನಿಲ್ಲಿಸಿ ವೇಗ ಬದಲಿಸಿ. ಕೋನ ಬದಲಾಗುತ್ತದೆ, ನೀವು ಕಂಬದಿಂದ ಆಚೆ ಬರುತ್ತೀರಿ. ಬಯಲಿನಲ್ಲಿ ಒಂದು ವಾಹನ ನಿಂತಲ್ಲೇ ನಿಂತಂತೆ ಕಂಡರೆ ಅದೇ ನಿಮ್ಮ ಮೇಲೆ ಬರುತ್ತಿರುವುದು.

ಎಲ್ಲಕ್ಕಿಂತ ಕೆಟ್ಟ ಜಾಗ ಎಂದರೆ ಎಡಕ್ಕೆ ತಿರುಗಲಿರುವ ಲಾರಿಯ ಎಡಬದಿ. ಉದ್ದನೆಯ ವಾಹನ ತಿರುಗುವಾಗ ಹಿಂದಿನ ಗಾಲಿ ಮುಂದಿನ ಗಾಲಿಯ ಜಾಡಿನಲ್ಲಿ ಹೋಗುವುದಿಲ್ಲ, ಒಳಗೆ ಕೊಯ್ದುಕೊಂಡು ಹೋಗುತ್ತದೆ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ 6 ಮೀಟರು ಅಂತರವಿರುವ ಲಾರಿ 12 ಮೀಟರು ತ್ರಿಜ್ಯದಲ್ಲಿ ತಿರುಗಿದರೆ ಹಿಂದಿನ ಗಾಲಿ 1.6 ಮೀಟರು ಒಳಕ್ಕೆ ಬರುತ್ತದೆ. ಟ್ರೇಲರ್ ಎಳೆಯುವ ಬೂದಿ ಟ್ಯಾಂಕರಿನಲ್ಲಿ ಇನ್ನೂ ಹೆಚ್ಚು. ಲಾರಿಯ ಮೂತಿ ಮುಂದಕ್ಕೆ ಹೋಯಿತು, ಎಡಕ್ಕೆ ಜಾಗ ಬಿಟ್ಟಿತು ಎಂದುಕೊಂಡು ಅಲ್ಲಿ ನಿಂತ ಸವಾರನ ಜಾಗವನ್ನು ಹಿಂದಿನ ಗಾಲಿ ಬಂದು ಕೇಳುತ್ತದೆ. ಎತ್ತರದ ಕ್ಯಾಬಿನ್ನಿನಲ್ಲಿ, ಅದೂ ಬಲಬದಿಯಲ್ಲಿ ಕೂತ ಚಾಲಕನಿಗೆ ಎಡ ಬಾಗಿಲಿನ ಬುಡ ಕಾಣುವುದೇ ಇಲ್ಲ. ನಮ್ಮಂತೆ ಎಡಕ್ಕೆ ಓಡಿಸುವ ಲಂಡನ್ನಿನಲ್ಲಿ ಈ ಬಗೆಯ ಸಾವುಗಳು ಎಷ್ಟು ಹೆಚ್ಚಿದವೆಂದರೆ, ಚಾಲಕನಿಗೆ ಬರಿಗಣ್ಣಿಗೆ ಸುತ್ತ ಎಷ್ಟು ಕಾಣುತ್ತದೆ ಎಂದು ಅಳೆದು ಲಾರಿಗಳಿಗೆ ಪರವಾನಗಿ ಕೊಡುವ ಪದ್ಧತಿಯನ್ನು 2019ರಲ್ಲಿ ತಂದರು.

ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ, 1294ರ ತೆಲುಗು ಶಾಸನವಿರುವ ಕಲ್ಲು. ಅದೇ ಕಲ್ಲನ್ನು ಬಂಡಿಯ ಮೇಲೆ ಹೇರಿ ಕೋಣಗಳ ಸಾಲು ಎಳೆದು ತಂದ ಚಿತ್ರವನ್ನೂ ಅಲ್ಲೇ ಕೊರೆದಿದ್ದಾರೆ. ಎಳೆಯುವ ಪಶುಗಳಷ್ಟೇ ಅಲ್ಲ, ಗಾಲಿಗೆ ಸನ್ನೆಕೋಲು ಕೊಡುವ ಆಳುಗಳೂ ಚಿತ್ರದಲ್ಲಿದ್ದಾರೆ. ಭಾರದ ಬಂಡಿಯ ಪಕ್ಕಕ್ಕೆ ಒಬ್ಬ ಇರಬೇಕು ಎಂಬುದು ಏಳುನೂರು ವರ್ಷದ ಹಿಂದೆಯೇ ಈ ಊರಿಗೆ ಗೊತ್ತಿತ್ತು. ಲಾರಿಯಲ್ಲಿ ಎಡಬಾಗಿಲಿಗೆ ಕೂತು, ಕೈಯಿಂದ ಬಾಗಿಲು ಬಡಿದು, "ಬರ್ಲಿ, ಬರ್ಲಿ" ಅನ್ನುವ ಕ್ಲೀನರ್ ಮಾಡುತ್ತಿದ್ದದ್ದೂ ಆ ಕೆಲಸವನ್ನೇ. ಈಗ ಎಷ್ಟೋ ಲಾರಿಗಳಲ್ಲಿ ಕ್ಲೀನರ್ ಇರುವುದಿಲ್ಲ. ಲಾರಿಯ ಎಡಗಣ್ಣು ಹೋಯಿತು ಎಂದೇ ತಿಳಿದು ಸೈಕಲ್ಲನ್ನು ಅದರ ಹಿಂದೆ ನಿಲ್ಲಿಸಿ, ಪಕ್ಕಕ್ಕೆ ತೂರಿಸಬೇಡಿ.

ಡಿಕ್ಕಿಯ ಲೆಕ್ಕವನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತೇನೆ. 90 ಕಿಲೋ ತೂಗುವ ಸವಾರ ಮತ್ತು ಸೈಕಲ್ 15 ಕಿ.ಮೀ. ವೇಗದಲ್ಲಿ ಹೊತ್ತಿರುವ ಚಲನಶಕ್ತಿ 780 ಜೂಲು. 40 ಟನ್ನಿನ ಟ್ಯಾಂಕರು 60 ಕಿ.ಮೀ. ವೇಗದಲ್ಲಿ ಹೊತ್ತಿರುವುದು 55 ಲಕ್ಷ ಜೂಲಿಗೂ ಹೆಚ್ಚು.

ಆ 780 ಜೂಲಿಗೆ ಇನ್ನೊಂದು ಅರ್ಥವೂ ಇದೆ. ಸಪಾಟು ರಸ್ತೆಯಲ್ಲಿ ಗಾಳಿ, ಟೈರು ಎರಡರ ತಡೆಯನ್ನು ಮೀರಲು ಬೇಕಾದ ಬಲ ಸುಮಾರು 13 ನ್ಯೂಟನ್. ಒಮ್ಮೆ ಪೂರ್ತಿ ನಿಂತು ಮತ್ತೆ ಅದೇ ವೇಗಕ್ಕೆ ಬರುವ ಖರ್ಚಿನಲ್ಲಿ 60 ಮೀಟರು ಹೋಗಬಹುದಿತ್ತು. ಬೈಕಿನವನಿಗೆ ಈ ಖರ್ಚು ಪೆಟ್ರೋಲಿನದು, ಸೈಕಲ್ಲಿನವನಿಗೆ ತೊಡೆಯದು. ಮೇಲಾಗಿ ಮೈ ಒಂದು ಪಾಲು ಕೆಲಸಕ್ಕೆ ಮೂರು ಪಾಲು ಬಿಸಿ ಹುಟ್ಟಿಸುತ್ತದೆ. ಬಿಸಿಲು 40 ಡಿಗ್ರಿ ದಾಟಿದ ರಾಯಚೂರಿನ ಮೇ ತಿಂಗಳಲ್ಲಿ ಆ ಬಿಸಿ ಮೈಬಿಡಲು ಇರುವ ದಾರಿ ಬೆವರು ಆರುವುದೊಂದೇ, ಬೆವರು ಆರಲು ಗಾಳಿ ಬೇಕು, ಸಿಗ್ನಲ್ಲಿನಲ್ಲಿ ನಿಂತವನಿಗೆ ಗಾಳಿಯಿಲ್ಲ. ಕೆಂಪು ದೀಪಕ್ಕೆ ನಿಲ್ಲದೆ ನುಸುಳುವ ಸೈಕಲ್ಲಿನವನನ್ನು ಶಿಸ್ತಿಲ್ಲದವನು ಎಂದು ಬೈಯುವ ಮೊದಲು ಈ ಲೆಕ್ಕ ನೆನಪಿರಲಿ. ನುಸುಳುವುದು ಸರಿ ಎನ್ನುತ್ತಿಲ್ಲ. ಹಳದಿ ದೀಪ ಉರಿಯುವುದು ಮೂರು ಸೆಕೆಂಡು, 24 ಮೀಟರು ಅಗಲದ ಸರ್ಕಲ್ ದಾಟಲು ಸೈಕಲ್ಲಿಗೆ ಬೇಕಾದದ್ದು ಆರು ಸೆಕೆಂಡು. ಹಸಿರಿನ ಕೊನೆಯಲ್ಲಿ ನುಗ್ಗಿದವನು ಅಡ್ಡರಸ್ತೆಗೆ ಹಸಿರು ಬಿದ್ದಾಗ ನಡುವೆಯೇ ಇರುತ್ತಾನೆ. ದೀಪಗಳ ವೇಳೆಯನ್ನು ಮೋಟಾರಿಗೆ ಅಳೆದು ಹೊಲಿದಿದ್ದಾರೆ.

ಹೊರಗಿನಿಂದ ಬಂದವರಿಗೆ ರಾಯಚೂರಿನ ತೀನ್ ಕಂದೀಲ್ ಭಯ ಹುಟ್ಟಿಸುತ್ತದೆ. ಗಾಡಿ, ಆಟೊ, ಹಣ್ಣಿನ ಬಂಡಿ, ನಡೆಯುವವರು, ದನ. ಆದರೆ ನನ್ನ ಮಟ್ಟಿಗೆ ಹೆದ್ದಾರಿಯ ಕೂಡುರಸ್ತೆಗಿಂತ ತೀನ್ ಕಂದೀಲ್ ಎಷ್ಟೋ ಸುರಕ್ಷಿತ. ಅಲ್ಲಿ ಎಲ್ಲರ ವೇಗವೂ ಸೈಕಲ್ಲಿನ ವೇಗವೇ. ಮುಖ ನೋಡಿ, ಕೈ ಎತ್ತಿ, ತಲೆ ಅಲ್ಲಾಡಿಸಿ ದಾರಿ ಕೇಳಬಹುದು. ತಾಗಿದರೂ ಬೈಗುಳದಲ್ಲಿ ಮುಗಿಯುತ್ತದೆ. ಹೆದ್ದಾರಿಯಲ್ಲಿ ಬಲಕ್ಕೆ ತಿರುಗುವಾಗ ಮಾತ್ರ ಈ ಸಂಜ್ಞೆಯ ಭಾಷೆ ಕೆಲಸಕ್ಕೆ ಬಾರದು, ನಾಲ್ಕು ಪಟ್ಟು ವೇಗದ ವಾಹನಗಳನ್ನು ಓರೆಯಾಗಿ ಕತ್ತರಿಸಿಕೊಂಡು ಹೋಗಬೇಕಾಗುತ್ತದೆ. ಡೆನ್ಮಾರ್ಕಿನಲ್ಲಿ ಕಾನೂನೇ ಇದೆ: ಎದುರಿನ ವಾಹನಗಳನ್ನು ಅಡ್ಡಹಾಯ್ದು ತಿರುಗಬೇಕಾದ ಸೈಕಲ್ಲು ನೇರ ಹೋಗಿ, ಆಚೆ ಮೂಲೆಯಲ್ಲಿ ನಿಂತು, ದಿಕ್ಕು ಬದಲಿಸಿ, ಅಡ್ಡರಸ್ತೆಯವರ ಜೊತೆ ದಾಟಬೇಕು. ಒಂದು ತಿರುವು ಎರಡು ನೇರ ದಾಟುಗಳಾಗುತ್ತದೆ. ಅರ್ಧ ನಿಮಿಷ ಹೋಗಬಹುದು, ಹೋಗಲಿ.

ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಊರಿಂದೂರಿಗೆ ಹೈಸ್ಕೂಲಿಗೆ ಹೋಗುವ ಹುಡುಗಿಯರ ಸಾಲು ರಸ್ತೆಗಳಲ್ಲಿ ಕಂಡದ್ದು ಆಮೇಲೆ. ಆ ಸಾಲಿಗೆ ಒಂದು ಗುಣವಿದೆ. ಪೀಟರ್ ಜೇಕಬ್‌ಸೆನ್ ಎಂಬಾತ 2003ರಲ್ಲಿ ಹಲವು ದೇಶ, ನಗರಗಳ ಅಂಕಿಗಳನ್ನು ಜೋಡಿಸಿ ತೋರಿಸಿದ ಪ್ರಕಾರ, ರಸ್ತೆಯಲ್ಲಿ ಸೈಕಲ್ಲುಗಳು ಎರಡರಷ್ಟಾದರೆ ಅಪಘಾತಗಳು ಎರಡರಷ್ಟಾಗುವುದಿಲ್ಲ, ಮೂರನೇ ಒಂದು ಪಾಲಿನಷ್ಟು ಮಾತ್ರ ಏರುತ್ತವೆ. ಒಬ್ಬೊಬ್ಬರ ಪಾಲಿನ ಅಪಾಯ ಇಳಿಯುತ್ತದೆ. ದಿನಾ ಸೈಕಲ್ ನೋಡುವ ಚಾಲಕ ಸೈಕಲ್ಲಿಗಾಗಿ ನೋಡುತ್ತಾನೆ ಎಂಬುದು ಇದಕ್ಕೆ ಕೊಡುವ ವಿವರಣೆ. ಒಂಟಿಯಾಗಿ ದಂಡಿಯಲ್ಲಿ ಮೈಮುದುಡಿಕೊಂಡು ಹೋಗುವ ಸೈಕಲ್ಲು ಈ ಲಾಭವನ್ನೂ ಕಳೆದುಕೊಳ್ಳುತ್ತದೆ.

ಸೈಕಲ್ ಪಥ ಹೇಗಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲೇ ಒಂದು ಕೈಪಿಡಿ ಹೊರತಂದಿದೆ, 2015ರಲ್ಲಿ ಅದನ್ನು ಪರಿಷ್ಕರಿಸಿಯೂ ಇದೆ. ಪಥ ಬರುವಾಗ ಬರಲಿ. ಅದಕ್ಕೂ ಮೊದಲು ರಸ್ತೆ ನೋಡಿಕೊಳ್ಳುವವರು ಡಾಂಬರಿನ ಪಕ್ಕಕ್ಕೆ ಗರಸು ತುಂಬಿಸಿ ಮಟ್ಟ ಮಾಡಲಿ, ಲಾರಿ ತಿರುಗುವ ಮೂಲೆಗಳ ಬೂದಿಯನ್ನು ವಾರಕ್ಕೊಮ್ಮೆಯಾದರೂ ಬಳಿಸಲಿ. ಎರಡಕ್ಕೂ ದೊಡ್ಡ ಯೋಜನೆ ಬೇಕಿಲ್ಲ, ಒಂದು ಟ್ರಾಕ್ಟರು ಮತ್ತು ನಾಲ್ಕು ಜನ ಸಾಕು.